ಅಕ್ಕನ ಕಪ್ಪೆಗಳೂ ಟಿಕ್ ಎನ್ನುವ ಲ್ಯಾಪ್‌ಟಾಪೂ

ನೀವು ಇದನ್ನು ನಂಬುವುದಿಲ್ಲ, ಬೇಕಾದರೆ ಈಗಲೇ ಪಂಥ ಕಟ್ಟೋಣ: ಅಕ್ಕನ ಲ್ಯಾಪ್‌ಟಾಪಿನ ಗುಂಡಿ ಒತ್ತಿ, ಹಿತ್ತಲಿಗೆ ಹೋಗಿ ಹಲ್ಲುಜ್ಜಿ, ಅಮ್ಮ ತಟ್ಟಿದ ಎರಡು ಅಕ್ಕಿರೊಟ್ಟಿಯನ್ನು ಸಾವಕಾಶವಾಗಿ ತಿಂದು, ಮೂರನೆಯದಕ್ಕೆ ಕೈಹಾಕಿ ಬೈಸಿಕೊಂಡು ವಾಪಸ್ ಬಂದರೂ ಪರದೆಯ ಮೇಲೆ ಆ ಪುಟ್ಟ ಚುಕ್ಕಿಗಳು ಇನ್ನೂ ಪ್ರದಕ್ಷಿಣೆ ಹಾಕುತ್ತಲೇ ಇರುತ್ತಿದ್ದವು. ಅಷ್ಟು ಪ್ರದಕ್ಷಿಣೆಗೆ ಎಂಥ ಕಲ್ಲುದೇವರಾದರೂ ಕಣ್ಣು ಬಿಡುತ್ತದೆ. ಈ ಲ್ಯಾಪ್‌ಟಾಪ್ ಮಾತ್ರ ಬಿಡುತ್ತಿರಲಿಲ್ಲ.

ಅಕ್ಕ ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದುತ್ತಾಳೆ. ಕೊಡ್ಲಿಪೇಟೆ ಹತ್ತಿರದ ನಮ್ಮ ತೋಟ ಜಿಲ್ಲೆಯ ಈ ತುದಿ, ಅವಳ ಕಾಲೇಜು ಆ ತುದಿ. ಹಾಗಾಗಿ ರಜೆ ಸಿಕ್ಕಾಗ ಮಾತ್ರ ದರ್ಶನ. ಈ ಸಲ ಬಂದವಳು ಚೀಲ ಬಿಚ್ಚುವ ಮೊದಲೇ ಲ್ಯಾಪ್‌ಟಾಪನ್ನು, ಜ್ವರ ಬಂದ ಮಗುವನ್ನು ಡಾಕ್ಟರಿಗೆ ಒಪ್ಪಿಸುವಂತೆ, ನನ್ನ ಮಡಿಲಲ್ಲಿ ಇಟ್ಟಳು. ಕಾರಣ, ಅದರೊಳಗೆ ಕಪ್ಪೆಗಳಿದ್ದವು. ಕಳೆದ ಮಳೆಗಾಲವಿಡೀ ಅವಳು ರಜೆ ಸಿಕ್ಕಾಗಲೆಲ್ಲ ತೋಟದ ಕೆರೆ ದಂಡೆಯಲ್ಲಿ ರೇನ್‌ಕೋಟ್ ಹೊದ್ದು, ಜಿಗಣೆಗಳಿಗೆ ಧಾರಾಳವಾಗಿ ಅನ್ನದಾನ ಮಾಡುತ್ತ, ಫೋನನ್ನು ಕೋಲಿಗೆ ಕಟ್ಟಿ ಹಿಡಿದು ಐದು ಜಾತಿಯ ಕಪ್ಪೆಗಳ ಕೂಗನ್ನು ರೆಕಾರ್ಡ್ ಮಾಡಿದ್ದಳು. ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ಅದೇ. ಫೋನ್ ತುಂಬಿತೆಂದು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿ ಫೋನಿನಿಂದ ಅಳಿಸಿದ್ದಳು. ಬರುವ ವಾರ ಕಾಲೇಜಿಗೆ ಕೊಡಬೇಕು. ಕಳೆದುಕೊಂಡರೆ ಮತ್ತೆ ರೆಕಾರ್ಡ್ ಮಾಡೋಣವೆಂದರೆ ಈಗ ಫೆಬ್ರವರಿ. ಕಣದ ತುಂಬ ಕಾಫಿ ಹಣ್ಣು ಒಣಗುತ್ತಿದೆ, ಕಪ್ಪೆಗಳು ಮಣ್ಣಿನೊಳಗೆ ಮೌನವ್ರತ ಹಿಡಿದಿವೆ. ಮಳೆ ಬೀಳುವವರೆಗೆ ಒಂದೂ ಬಾಯಿ ಬಿಡುವುದಿಲ್ಲ.

ನಾನು ಈ ಮನೆಯ ಏಕೈಕ ಕಂಪ್ಯೂಟರ್ ತಜ್ಞೆ. ಅಮ್ಮನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿದವಳು ನಾನು. ಅಪ್ಪನ ಫೋನಿನೊಳಗಿಂದ ಮುಟ್ಟಿದ್ದಕ್ಕೆಲ್ಲ ಮಾತಾಡುತ್ತಿದ್ದ ಹೆಂಗಸನ್ನು ಸುಮ್ಮನಾಗಿಸಿದವಳೂ ನಾನೇ. ಇಷ್ಟು ಕೀರ್ತಿ ಇದ್ದ ಮೇಲೆ ಗೊತ್ತಿಲ್ಲ ಎನ್ನಲಾಗುತ್ತದೆಯೇ? "ರ್‍ಯಾಮ್ ಸಾಕಾಗಲ್ಲ ಕಣೆ, ಅಷ್ಟೇ," ಎಂದು ಗಂಭೀರವಾಗಿ ಘೋಷಿಸಿ ಚಿಕಿತ್ಸೆ ಶುರುಮಾಡಿದೆ. ಬೇಡದ ಫೈಲುಗಳನ್ನು ಗುಡಿಸಿದೆ, ತಾವಾಗಿ ಎದ್ದು ಕೂರುವ ಪ್ರೋಗ್ರಾಮುಗಳನ್ನು ಮಲಗಿಸಿದೆ, ಫ್ಯಾನಿನ ಕಿಂಡಿಯನ್ನು ಪೇಂಟ್ ಬ್ರಷ್ಷಿನಿಂದ ಉಜ್ಜಿದೆ. ಅಮ್ಮ ಸ್ನಾನ ಮುಗಿಸಿ ಬಂದು ಅದರ ಹಣೆಗೆ ವಿಭೂತಿ ಹಚ್ಚಿದರು. ಅವರು ಹಣೆ ಎಂದುಕೊಂಡದ್ದು ಅದೇ ಕಿಂಡಿಯಾದ್ದರಿಂದ ಮತ್ತೊಮ್ಮೆ ಉಜ್ಜಿದೆ.

ಆಗ ಕೇಳಿತು ಆ ಶಬ್ದ. ಟಿಕ್. ಟಿಕ್ ಟಿಕ್.

ಅಕ್ಕನ ಮುಖ ಅರಳಿತು. ಅವಳ ಐದು ಕಪ್ಪೆಗಳಲ್ಲಿ ಅತಿ ಮುದ್ದಿನದು ಹೆಬ್ಬೆರಳ ಉಗುರಿನಷ್ಟಿದ್ದು, ಕಾಫಿ ಎಲೆಯ ಮೇಲೆ ಕೂತು ಥೇಟ್ ಹೀಗೆಯೇ ಕೂಗುತ್ತದಂತೆ.

"ಲೇ, ಫೈಲ್ ಓಪನ್ ಆಯ್ತು ಕಣೆ! ನನ್ ಪುಟಾಣಿ ಕೂಗ್ತೈತೆ!"

ನಾನು ವಾಲ್ಯೂಮನ್ನು ಸೊನ್ನೆಗೆ ಇಳಿಸಿದೆ. ಪುಟಾಣಿ ಕೂಗುತ್ತಲೇ ಇತ್ತು. ಅಕ್ಕ ಬಗ್ಗಿ ಕೀಬೋರ್ಡಿಗೆ ಕಿವಿಯಿಟ್ಟಳು. ನಮ್ಮ ಮನೆಯಲ್ಲಿ ಕಿವಿಯೇ ವೈದ್ಯ. ಅಕ್ಕನಿಗೆ ಅದು ಅಪ್ಪನಿಂದ ಬಂದ ಬಳುವಳಿ. ಅಪ್ಪ ಕಣದಿಂದ ಒಂದು ಹಿಡಿ ಕಾಫಿ ಹಣ್ಣು ತೆಗೆದು, ಕಿವಿಯ ಹತ್ತಿರ ಹಿಡಿದು ಕುಲುಕುತ್ತಾರೆ. ಗಲಗಲ ಎಂದರೆ ಒಣಗಿದೆ, ಮೂಟೆ ಕಟ್ಟು. ಎನ್ನದಿದ್ದರೆ ಇನ್ನಷ್ಟು ಬಿಸಿಲು. ತೇವ ಅಳೆಯುವ ಮೀಟರು ಬೇರೆ ಮಾತಾಡಿದರೆ ಕೆಟ್ಟಿರುವುದು ಮೀಟರು. ತೆಂಗಿನಕಾಯಿ, ಟಾರ್ಚು, ನಿಂತ ಗಡಿಯಾರ ಎಲ್ಲಕ್ಕೂ ಇದೇ ಪರೀಕ್ಷೆ. ಆ ಕಿವಿಯ ವಾರಸುದಾರಳು ಬಹಳ ಹೊತ್ತು ಕೇಳಿ, ಬಿಳಿಚಿಕೊಂಡು ತಲೆಯೆತ್ತಿದಳು.

"ಇದು ನನ್ ಕಪ್ಪೆ ಅಲ್ಲ."

ನಾನು ಡಿಸ್ಕ್ ಪರೀಕ್ಷಿಸುವ ಪ್ರೋಗ್ರಾಮ್ ಓಡಿಸಿದೆ. ಈ ಹಾರ್ಡ್ ಡಿಸ್ಕ್ ಯಾವ ಕ್ಷಣದಲ್ಲಾದರೂ ಕೈಕೊಡಬಹುದು, ಈಗಲೇ ಎಲ್ಲ ಕಾಪಿ ಮಾಡಿಕೊಳ್ಳಿ ಎಂದು ಅದು ಕೆಂಪಕ್ಷರದಲ್ಲಿ ಹೇಳಿತು. ಆದರೂ ನನ್ನ ಪಾಂಡಿತ್ಯ ಸುಮ್ಮನಿರಬೇಕಲ್ಲ: ಒಳಗೊಂದು ತಟ್ಟೆ ಗಿರಗಿರ ಸುತ್ತುತ್ತಿರುತ್ತದೆ, ಕೂದಲೆಳೆಗಿಂತ ಕಡಿಮೆ ಎತ್ತರದಲ್ಲಿ ಒಂದು ಕಡ್ಡಿ ತೇಲುತ್ತ ಅದನ್ನು ಓದುತ್ತದೆ, ಕಡ್ಡಿಗೆ ದಾರಿ ತಪ್ಪಿದಾಗ ಟಿಕ್ ಎನ್ನುತ್ತದೆ, ಒಮ್ಮೆ ಜೋರಾಗಿ ಅಲುಗಾಡಿದರೆ ಸಾಕು, ಕಡ್ಡಿ ತಟ್ಟೆಯನ್ನು ಗೀಚಿ ಎಲ್ಲ ಮುಗಿಯಿತು, ಎಂದು ಕೈಬಾಯಿ ತಿರುಗಿಸಿ ಅಭಿನಯಪೂರ್ವಕವಾಗಿ ವಿವರಿಸುತ್ತ ಅಕ್ಕನ ಮುಖ ನೋಡಿದವಳು ಅಲ್ಲಿಗೇ ನಿಲ್ಲಿಸಿದೆ.

ನನ್ನ ಗೆಳತಿಯ ಮನೆಯಿಂದ, ಹೊರಗಿನಿಂದ ಸಿಕ್ಕಿಸುವ ಡಿಸ್ಕ್ ಒಂದನ್ನು ಕಡ ತಂದೆವು. ಕುಂಟುವ ಮೇಜಿನ ಕಾಲಿಗೆ ನನ್ನ ಗಣಿತದ ಪುಸ್ತಕ ಕೊಟ್ಟೆ. ಅದು ಮೊದಲ ಸಲ ಉಪಯೋಗಕ್ಕೆ ಬಂತು. ಕಾಪಿ ಶುರುವಾಯಿತು. ಹಸಿರು ಪಟ್ಟಿ ಬಸವನಹುಳದ ಹಾಗೆ ತೆವಳಿತು.

"ಅಮ್ಮಾ, ಮಿಕ್ಸಿ ಹಾಕ್ಬೇಡ, ಮೇಜು ಅದುರ್ತದೆ!"

"ನಿಮ್ ಕಪ್ಪೆಗೋಸ್ಕರ ಸಾರಿಗೆ ಖಾರ ರುಬ್ಬದೆ ಇರ್ಲಾ? ನಿಮ್ಮಪ್ಪಂಗೆ ಬರೀ ಬಿಸ್ನೀರು ಬಡಿಸ್ಲಾ?"

"ಇನ್ ಸ್ವಲ್ಪ ಹೊತ್ತು ಕಣಮ್ಮ," ಎಂದಳು ಅಕ್ಕ. ಅಳುವಂತಿದ್ದ ಆ ದನಿಗೆ ಅಮ್ಮ ಗೊಣಗುತ್ತ ಒಳಗೆ ಹೋದರು.

ಮೊದಲ ಕಪ್ಪೆ ದಾಟಿತು. ಎರಡನೆಯದು ಅರ್ಧ ದಾರಿಯಲ್ಲಿ ನಿಂತು, ಟಿಕ್ ಟಿಕ್ ಎಂದು ನಮ್ಮ ಜೀವ ಹಿಂಡಿ, ದಾಟಿತು. ಮೂರನೆಯದು, ನಾಲ್ಕನೆಯದು. ಉಳಿದದ್ದು ಪುಟಾಣಿ. ಅದರ ಮೇಲೆ ಪ್ರೀತಿ ಹೆಚ್ಚಾಗಿ ಅಕ್ಕ ಎಷ್ಟು ರೆಕಾರ್ಡ್ ಮಾಡಿದ್ದಳೆಂದರೆ, ಉಗುರಿನಷ್ಟೇ ಇರುವ ಆ ಕಪ್ಪೆಯ ಫೋಲ್ಡರು ಉಳಿದ ನಾಲ್ಕನ್ನು ಒಟ್ಟು ಸೇರಿಸಿದರೂ ಸಮನಾಗದಷ್ಟು ದೊಡ್ಡದು. ಪ್ರಾಜೆಕ್ಟಿನ ಹೆಸರಿನಲ್ಲೇ ಇದ್ದದ್ದೂ ಅದೇ ಕಪ್ಪೆ. ಪಟ್ಟಿ ಅರ್ಧ ದಾಟಿತು, ಮುಕ್ಕಾಲು ದಾಟಿತು. ಅಕ್ಕ ನನ್ನ ಮಣಿಕಟ್ಟು ಹಿಡಿದಿದ್ದಳು. ಅವಳ ಉಗುರಿನ ಗುರುತನ್ನು ನಾನು ಈಗಲೂ ಬೇಕಾದವರಿಗೆ ತೋರಿಸುತ್ತೇನೆ.

"ಉಸಿರು ಮೆಲ್ಲಗೆ ಬಿಡೇ," ಎಂದಳು.

"ಬಿಡ್ತಾನೇ ಇಲ್ಲ ಕಣೆ," ಎಂದೆ.

ಮಿಕ್ಸಿ ಇಲ್ಲದೆ ಕೈಕಟ್ಟಿ ಕೂತಿದ್ದ ಅಮ್ಮ ಅಷ್ಟರಲ್ಲಿ ಕಣಕ್ಕೆ ಹೋಗಿ ದೂರು ಹೇಳಿಯಾಗಿತ್ತು. ಕಣದ ಧೂಳು ಹೊತ್ತ ಅಪ್ಪ ಬಾಗಿಲಲ್ಲಿ ಕಾಣಿಸಿಕೊಂಡರು. ಮುಖದಲ್ಲಿ ನಿಜವಾದ ಕಾಳಜಿ.

"ಏನವ್ವಾ, ಏನೋ ಟಿಕ್ ಟಿಕ್ ಅಂತೈತಂತೆ?"

ಹೇಳಬೇಕಾದ್ದು ಬಹಳ ಇತ್ತು. ತಟ್ಟೆ, ಕಡ್ಡಿ, ಕೂದಲೆಳೆ. ನಾವಿಬ್ಬರೂ "ಅಪ್ಪಾ" ಎನ್ನುವಷ್ಟರಲ್ಲಿ ಅಪ್ಪ ಲ್ಯಾಪ್‌ಟಾಪನ್ನು ವೈರಿನ ಸಮೇತ ಎತ್ತಿ, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಎರಡು ಸಲ ಚೆನ್ನಾಗಿ ಕುಲುಕಿದರು.

"ಗಲಗಲ ಅಂತೈತೆ. ಒಳ್ಳೇ ಒಣಗೈತೆ ಕಣವ್ವ, ತೇವ ಏನಿಲ್ಲ. ಸುಮ್ನೆ ಹೆದರ್ಕೊಂಡಿದ್ರಿ." ಇದ್ದ ಜಾಗದಲ್ಲೇ ಮೆಲ್ಲಗೆ ಇಳಿಸಿದರು. "ನೋಡು, ಸದ್ದೂ ನಿಂತೋಯ್ತು."

ನಿಂತಿತ್ತು. ಪರದೆ ಕಪ್ಪಗಿತ್ತು. ಅಡುಗೆಮನೆಯಲ್ಲಿ ಮಿಕ್ಸಿ ಗರ್ಜಿಸಿತು.

ಅಕ್ಕ ಜಗಲಿಗೆ ಹೋಗಿ ನಿಂತು, ಕಣದ ಆಚೆ ಎಲ್ಲಾದರೂ ಒಂದು ಮೋಡವಿದೆಯೇ ಎಂದು ಹುಡುಕಿದಳು. ಅಪ್ಪನೂ ಹೋಗಿ ಪಕ್ಕದಲ್ಲಿ ನಿಂತು ಅದೇ ಆಕಾಶವನ್ನು ನೋಡಿ, "ಇನ್ನೊಂದ್ ವಾರ ಹನಿ ಬೀಳ್ದಿದ್ರೆ ಸಾಕವ್ವ," ಎಂದರು.

ನಾನು ಅಭ್ಯಾಸಬಲದಿಂದ ಗುಂಡಿ ಒತ್ತಿ ರೊಟ್ಟಿಗೆ ಹೊರಟವಳು ತಿರುಗಿ ನೋಡಿದೆ. ಪಂಥದಲ್ಲಿ ನೀವೇ ಗೆದ್ದಿರಿ. ಪರದೆಯ ಮೇಲೆ ಒಂದು ಚುಕ್ಕಿಯೂ ತಿರುಗುತ್ತಿರಲಿಲ್ಲ.