ಮಗ್ಗದ ಗುಂಡಿಯಿಂದ ಕಂಡ ಕಾಲು

ಪವಿತ್ರಾ, ತಿಪ್ಪೇಶಾ, ಈ ವಾರದ ಬರಹ ನಿಮಗೆ. (ಓದುಗರು ಬೇಸರ ಮಾಡಿಕೊಳ್ಳಬಾರದು. ಮಕ್ಕಳ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳಿ.)

ಹೋದ ಗುರುವಾರ ಮೊಳಕಾಲ್ಮೂರು ಬಸ್ ಸ್ಟ್ಯಾಂಡಿನಲ್ಲಿ ಚಳ್ಳಕೆರೆ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು.

"ಚೆನ್ನಾಗಿದೀರಾ ಅತ್ಗೆಮ್ಮ? ಹುಡುಗಿ ಎಷ್ಟನೇ ಕ್ಲಾಸು ಈಗ?"

ಕೇಳಿದವನು ನಿಮ್ಮ ತಾತನನ್ನು ಕೊಂದವನು.

ನಾನೇನು ಮಾಡಿದೆ ಗೊತ್ತೆ? ಉಗಿಯಲಿಲ್ಲ, ಬೈಯಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತಾ, "ಎಂಟು" ಅಂದೆ. ಗಂಡಸರು ಏನಾದರೂ ಕೇಳಿದರೆ ಮೆಲ್ಲಗೆ ಉತ್ತರ ಕೊಟ್ಟು ಸುಮ್ಮನಾಗಬೇಕೆಂದು ಕಲಿತ ಬಾಯಿ ಇದು. ಆಡಬೇಕಾದಲ್ಲಿ ಆಡಲಿಲ್ಲ. ಆಡಬಾರದ ಕಡೆ ಒಮ್ಮೆ ಆಡಿತು. ಅದನ್ನೇ ಇವತ್ತು ಹೇಳಬೇಕು.

ಅವನು ನಿಮ್ಮ ತಾತನ ಚಿಕ್ಕಪ್ಪನ ಮಗ. ಪಕ್ಕದ ಮನೆ. ಪವಿತ್ರ ಅವನನ್ನು ಸಣ್ಣತಾತ ಎನ್ನುತ್ತಿದ್ದಳು. ಎರಡು ಮನೆಗಳ ನಡುವಿನ ಗೋಡೆ ತನ್ನದೆಂದು ಅವನದು ಹಳೆಯ ಜಗಳ. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಹಾರೆ ಹಿಡಿದು ಒಳಗೇ ಬಂದ. ನಿಮ್ಮ ಅಪ್ಪ ಅವ್ವ ತಿಪ್ಪೇಶನನ್ನು ಎತ್ತಿಕೊಂಡು ಮದುವೆಗೆ ಹೋಗಿದ್ದರು. ನಾನು ಬಣ್ಣ ಹಾಕಿದ ರೇಷ್ಮೆ ತರಲು ಹೋಗಿದ್ದೆ. ಮನೆಯಲ್ಲಿದ್ದದ್ದು ತಾತ, ಮತ್ತು ಏಳು ವರ್ಷದ ಪವಿತ್ರ.

ಅವಳು ಎಲ್ಲಿದ್ದಳು? ಮಗ್ಗದ ಗುಂಡಿಯಲ್ಲಿ. ನೇಯುವವರು ಕಾಲು ಇಳಿಬಿಟ್ಟು ಕೂರುವ ಆ ಗುಂಡಿ ಬೇಸಿಗೆಯಲ್ಲಿ ತಣ್ಣಗಿರುತ್ತದೆ. ತಾತ ಊಟಕ್ಕೆ ಎದ್ದರೆ ಅವಳು ಅದರೊಳಗೆ ಇಳಿದು ಆಡುತ್ತಿದ್ದಳು. ಮೇಲೆ ಸೀರೆಯ ಹಾಸು, ಅಂದರೆ ಉದ್ದದ ಎಳೆಗಳು, ಚಪ್ಪರದ ಹಾಗೆ ಬಿಗಿದಿದ್ದವು.

ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗುಂಡಿಯಿಂದ ಎತ್ತಿಕೊಂಡಾಗ ಮಗು ಆಡಿದ ಮೊದಲ ಮಾತು ಇದು: "ಸಣ್ಣತಾತನ ಕಾಲು ಕಾಣ್ತು ಅಜ್ಜಿ. ಹೆಬ್ಬೆಟ್ಟಿಗೆ ಉಗುರು ಇಲ್ವಲ್ಲ, ಆ ಕಾಲು."

ಪೊಲೀಸರಿಗೂ ಅದನ್ನೇ ಹೇಳಿದಳು. ಅವರು ಬರೆದುಕೊಂಡರು.

ಬೀದಿಯಲ್ಲಿ ಬೇರೆ ಯಾರಿಗೂ ಏನೂ ಕಂಡಿರಲಿಲ್ಲ. ಮಗ್ಗಗಳ ಸದ್ದಿನಲ್ಲಿ ಕೇಳಿಸಲೂ ಇಲ್ಲವಂತೆ. (ಅದೇ ಸದ್ದಿನ ನಡುವೆ ಯಾವ ಮನೆಯ ಸೊಸೆ ಅತ್ತೆಗೆ ಏನಂದಳು ಎಂಬುದು ಆ ಬೀದಿಗೆ ಚೆನ್ನಾಗಿ ಕೇಳಿಸುತ್ತದೆ.)

ಕೇಸು ನಡೆಯುವ ಕಾಲ ಬಂತು. ಸರ್ಕಾರಿ ವಕೀಲರು ಒಂದೇ ಸಲ ಕೇಳಿದರು, ಮಗು ಮುಖ ನೋಡಿದೆಯಾ ಎಂದು. ಕಂಬದ ಮರೆಯಲ್ಲಿ ನಿಂತು ನಾನು "ನೋಡೈತೆ ಸಾರ್" ಅಂದೆ.

ಯಾಕೆ ಹಾಗೆಂದೆ? ಬರೀ ಕಾಲು ಕಂಡಿತು ಎಂದರೆ ಜನ ನಗುತ್ತಾರೆ ಎಂದು. ನಮ್ಮ ಕಸುಬಿನಲ್ಲಿ ಎಳೆ ಕಡಿದರೆ ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ಹೊಸೆದು ಸೇರಿಸುತ್ತೇವೆ. ಕೊಳ್ಳುವವರ ಕಣ್ಣಿಗೆ ಅದು ಕಾಣುವುದಿಲ್ಲ. ಅದು ಮೋಸವಲ್ಲ, ಕೆಲಸ. ಮಗುವಿನ ಮಾತಿನಲ್ಲೂ ಒಂದು ಎಳೆ ಕಡಿದಿದೆ, ಸೇರಿಸಿದರಾಯಿತು ಎಂದುಕೊಂಡೆ.

ಜಡೆ ಹಾಕುವಾಗೆಲ್ಲ ಕೇಳುತ್ತಿದ್ದೆ.

"ಏನ್ ನೋಡ್ದೆ?"

"ಕಾಲು."

ಜಡೆ ಜಗ್ಗುತ್ತಿದ್ದೆ. "ಏನ್ ನೋಡ್ದೆ?"

"ಮುಖ."

ಜಾಣೆ ಎಂದು ತಲೆ ಸವರುತ್ತಿದ್ದೆ.

ಕೋರ್ಟಿನಲ್ಲಿ ಜಡ್ಜ್ ಸಾಹೇಬರು ಮೊದಲು ಅವಳ ಹೆಸರು, ಸ್ಕೂಲು ಕೇಳಿದರು. ಸುಳ್ಳು ಹೇಳಿದರೆ ಏನಾಗುತ್ತದೆ ಎಂದೂ ಕೇಳಿದರು. "ಪಾಪ ಬತ್ತೈತೆ" ಅಂದಳು. ಅದನ್ನೂ ಹೇಳಿಕೊಟ್ಟದ್ದು ನಾನೇ. ಆಮೇಲೆ ಮುಖ ನೋಡಿದೆ ಅಂದಳು. ಅವರು ನಂಬಿದರು. ಅವನಿಗೆ ಜೀವಾವಧಿ ಆಯಿತು. ಮನೆಗೆ ಬಂದು ಮಗುವಿನ ಬಾಯಿಗೆ ಬೆಲ್ಲ ಇಟ್ಟೆ.

ಅವನು ಅಪೀಲು ಹೋದ. ಈಗ ಮೇಲಿನ ಕೋರ್ಟು ಅವನನ್ನು ಬಿಟ್ಟಿದೆ. ತೀರ್ಪು ಇಂಗ್ಲಿಷಿನಲ್ಲಿತ್ತು. ನಾನು ಓದಿದ್ದು ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಅದನ್ನು ಓದಿಸಿಕೊಳ್ಳಲೆಂದೇ ಗುರುವಾರ ಚಳ್ಳಕೆರೆಗೆ ಹೊರಟದ್ದು.

ಪರಿಚಯದ ವಕೀಲರೊಬ್ಬರು ಸಾಲು ಸಾಲು ಬಿಡಿಸಿ ಹೇಳಿದರು. ಒಂದು ಮಗುವಿನ ಸಾಕ್ಷಿಯ ಮೇಲೂ ಶಿಕ್ಷೆ ಕೊಡಬಹುದಂತೆ. ಆದರೆ ಅದು ದೊಡ್ಡವರು ಹೇಳಿಕೊಟ್ಟ ಮಾತಲ್ಲ ಎಂಬ ನಂಬಿಕೆ ಬರಬೇಕಂತೆ. ಇಲ್ಲಿ ಪೊಲೀಸರ ಮುಂದೆ ಕಾಲು, ಕೋರ್ಟಿನಲ್ಲಿ ಮುಖ. ಗುಂಡಿಯ ಆಳ ಅಳೆದು ಬರೆದ ನಕ್ಷೆ ಕೇಸಿನ ಫೈಲಿನಲ್ಲೇ ಇತ್ತು. ಹಾಸು ಬಿಗಿದ ಮಗ್ಗದ ಕೆಳಗಿಂದ ನಿಂತವನ ಮುಖ ಕಾಣುವುದಿಲ್ಲ. ಮುಖವನ್ನು ಯಾರೋ ಹೇಳಿಕೊಟ್ಟಿದ್ದರೆ ಉಳಿದದ್ದನ್ನು ಹೇಗೆ ನಂಬುವುದು? ಹಾರೆಯೂ ಸಿಕ್ಕಿರಲಿಲ್ಲ. ಸಂಶಯದ ಲಾಭ ಅವನಿಗೆ ಹೋಯಿತು.

"ಮೊದಲು ಹೇಳಿದ್ದನ್ನೇ ಹೇಳಿದ್ರೆ ನಿಲ್ತಿತ್ತೇನೋ ಅಮ್ಮ," ಅಂದರು ವಕೀಲರು. "ಉಗುರಿಲ್ಲದ ಬೆರಳನ್ನ ಯಾರೂ ಹೇಳಿಕೊಡಲ್ಲ. ಅದು ಕಂಡವರಿಗೇ ಗೊತ್ತಿರೋದು. ಯಾರು ಕೆಡಿಸಿದ್ರು ಆ ಮಗೂನ?"

ನಾನು ಸೆರಗು ಎಳೆದುಕೊಂಡೆ. ಅಲ್ಲಿಯೂ.

ಮಕ್ಕಳ ಸಾಕ್ಷಿಯನ್ನು ಎಚ್ಚರದಿಂದ ತೂಗಬೇಕಂತೆ. ತೂಗಲಿ, ತಪ್ಪೇನಿಲ್ಲ. ಆದರೆ "ನಾವೇನೂ ನೋಡಿಲ್ಲ" ಎಂದ ಇಡೀ ಬೀದಿಯ ಮಾತನ್ನು ಯಾರು ತೂಗಿದರು? ಕಂಬದ ಮರೆಯಿಂದ ಬಂದ ನನ್ನ ಮಾತನ್ನು? ತಕ್ಕಡಿಯಲ್ಲಿ ಕೂತದ್ದು ಏಳೆಂಟು ವರ್ಷದ ಮಗು ಒಂದೇ.

ಅವತ್ತು ಸಂಜೆ ಪವಿತ್ರ ಸ್ಕೂಲಿನಿಂದ ಬಂದವಳು ಬ್ಯಾಗು ಕೆಳಗಿಡಲಿಲ್ಲ. ಕೋರ್ಟಿನಲ್ಲೇ ಸುಳ್ಳು ಹೇಳಿದವಳು ಎಂದು ಗೆಳತಿಯರು ಆಡಿಕೊಂಡಿದ್ದರು. ಅಳಲಿಲ್ಲ ಅವಳು. ನನ್ನ ಮುಂದೆ ನಿಂತು ಕೇಳಿದಳು: "ಅಜ್ಜಿ, ನಂಗೀಗ ಕಣ್ಣು ಮುಚ್ಚಿದ್ರೆ ಮುಖಾನೇ ಬರುತ್ತೆ. ನಾನು ನಿಜವಾಗ್ಲೂ ಏನ್ ನೋಡ್ದೆ?"

ಅವನು ನಿಮ್ಮ ತಾತನನ್ನು ಕಿತ್ತುಕೊಂಡ. ಮಗು ತನ್ನ ಕಣ್ಣಿಂದ ಕಂಡದ್ದನ್ನು ಕಿತ್ತುಕೊಂಡವಳು ನಾನು. ಅದಕ್ಕೆ ಯಾವ ಕೋರ್ಟಿನಲ್ಲಿ ಅಪೀಲು?

ಅವಳಿಗೆ ಬಾಯಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಬರೆಯುತ್ತಿದ್ದೇನೆ.

ಪವಿತ್ರಾ, ನೀನು ನೋಡಿದ್ದು ಕಾಲು. ಹೆಬ್ಬೆಟ್ಟಿಗೆ ಉಗುರಿಲ್ಲದ ಕಾಲು. ಅಷ್ಟೇ ನೋಡಿದೆ, ಅಷ್ಟನ್ನೇ ಹೇಳಿದೆ. ಅದು ನಿಜ. ಮುಖ ನಾನು ಸೇರಿಸಿದ್ದು.

ತಿಪ್ಪೇಶಾ, ನಾಳೆ ಯಾರಾದರೂ ನಿನ್ನ ಅಕ್ಕನನ್ನು ಸುಳ್ಳಿ ಎಂದರೆ ಇದನ್ನು ಅವರ ಮುಂದೆ ಓದು. ಇಬ್ಬರೂ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಇದನ್ನು ಮಾತ್ರ ನನಗೆ ಯಾರೂ ಹೇಳಿಕೊಟ್ಟಿಲ್ಲ.