ಕೊನೆಯ ಮನೆಯ ಮೇಡಂ

ಹೋದ ತಿಂಗಳು ಅಣ್ಣನ ಮೊಮ್ಮಗಳ ಮದುವೆಯ ಕರೆಯೋಲೆ ಅಚ್ಚು ಹಾಕಿಸಲು ಬಳೇಪೇಟೆಯ ಒಂದು ಸಣ್ಣ ಪ್ರೆಸ್ಸಿಗೆ ಹೋಗಿದ್ದೆ. ಕಿರಿದಾದ ಮೆಟ್ಟಿಲು ಹತ್ತಿ ಒಳಗೆ ಕಾಲಿಡುತ್ತಿದ್ದಂತೆ ಹಸಿ ಶಾಯಿಯ ವಾಸನೆ ಬಂತು. ಸೀಮೆಎಣ್ಣೆಯ ಹಾಗೆ, ಆದರೆ ಸೀಮೆಎಣ್ಣೆಯಲ್ಲ... ಪ್ರೆಸ್ಸಿನವರು ಕಾರ್ಡುಗಳನ್ನು ಮುಂದೆ ಹರಡಿ ಏನೋ ಕೇಳುತ್ತಿದ್ದರು. ನನ್ನ ಕಿವಿಗೆ ಬೀಳಲಿಲ್ಲ. ನಾನು ಚಾಮರಾಜಪೇಟೆಯ ವಠಾರದ ಕೊನೆಯ ಮನೆಯಲ್ಲಿದ್ದೆ. ನನಗೆ ಹದಿನೆಂಟು ವರ್ಷ. ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ವಠಾರದಲ್ಲಿ ಒಂಬತ್ತು ಮನೆ, ಒಂದು ನಲ್ಲಿ, ಒಂದು ಸಂಪಿಗೆ ಮರ. ಮುಂದಿನ ದೊಡ್ಡ ಮನೆಯಲ್ಲಿ ಓನರಮ್ಮ ಇದ್ದರು. ನಾವು ನಡುವಿನ ಮನೆಯವರು. ನಾನು ಬಿ.ಎ. ಮೊದಲ ವರ್ಷಕ್ಕೆ ಸೇರಿದ ಜೂನ್ ತಿಂಗಳಲ್ಲಿ ಖಾಲಿಯಿದ್ದ ಕೊನೆಯ ಮನೆಗೆ ಇಬ್ಬರು ಬಂದರು. ಒಬ್ಬರು ಮೂವತ್ತರ ಆಸುಪಾಸಿನ ಹೆಂಗಸು, ಇನ್ನೊಬ್ಬಳು ಹೈಸ್ಕೂಲಿಗೆ ಹೋಗುವ ಅವರ ತಂಗಿ. ಮರುದಿನ ಕಾಲೇಜಿಗೆ ಹೋದರೆ ಅದೇ ಹೆಂಗಸು ಹಾಜರಿ ಪುಸ್ತಕ ಹಿಡಿದು ನಮ್ಮ ತರಗತಿಯೊಳಗೆ ಬಂದರು. ಸಮಾಜಶಾಸ್ತ್ರದ ಹೊಸ ಲೆಕ್ಚರರ್. ನನ್ನನ್ನು ನೋಡಿ ಗುರುತು ಸಿಕ್ಕಿತೆಂಬಂತೆ ಒಂದು ಕ್ಷಣ ನಕ್ಕರು. ಆ ನಗುವಿನಿಂದ ನನಗೆ ಕೋಡು ಮೂಡಿತು.

ಕನ್ನಡದಲ್ಲಿ ಓದುವವರಿಗೆ ಆಗ ಸರಿಯಾದ ಪಠ್ಯಪುಸ್ತಕಗಳಿರಲಿಲ್ಲ. ಮೇಡಂ ತಾವೇ ನೋಟ್ಸ್ ಬರೆದು ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದರು. ಮುಳ್ಳಿನಂಥ ಪೆನ್ನಿನಿಂದ ಸ್ಟೆನ್ಸಿಲ್ ಹಾಳೆಯ ಮೇಲೆ ಒತ್ತಿ ಒತ್ತಿ ಬರೆಯಬೇಕು. ಒಂದಕ್ಷರ ತಪ್ಪಿದರೆ ಹಾಳೆಯೇ ಹಾಳು. ಭಾನುವಾರದ ಮಧ್ಯಾಹ್ನಗಳಲ್ಲಿ ನಾನು ಅವರ ಮನೆಗೆ ಹೋಗಿ ಶಾಯಿ ಸವರಿ, ರೋಲರ್ ಎಳೆದು, ಒದ್ದೆ ಹಾಳೆಗಳನ್ನು ನೆಲದ ಮೇಲೆ ಹರಡುತ್ತಿದ್ದೆ. ಅಂತಸ್ತು, ಪಾತ್ರ, ಲೋಕರೂಢಿ, ಸಾಮಾಜೀಕರಣ... ಕಿಟಕಿಯ ಬಿಸಿಲಿನಲ್ಲಿ ಆ ಪದಗಳು ಒಂದೊಂದಾಗಿ ಒಣಗುತ್ತಿದ್ದವು. ಕಾಲಿಡಲು ಜಾಗವಿಲ್ಲದೆ ನಾವು ಮೂವರೂ ಗೋಡೆಗೆ ಒರಗಿ ಕುಳಿತು ಕಡಲೆಕಾಯಿ ತಿನ್ನುತ್ತಿದ್ದೆವು. ಮೇಡಂ ಏನೂ ಮಾತಾಡುತ್ತಿರಲಿಲ್ಲ. ಆ ಮೌನದಲ್ಲಿ ಮನೆ ನೀರಿನ ಮೇಲೆ ತೇಲುತ್ತಿರುವ ಹಾಗೆ ಅನ್ನಿಸುತ್ತಿತ್ತು.

ತರಗತಿಯಲ್ಲಿ ಮಾತ್ರ ಬೇರೆಯೇ ಆಗುತ್ತಿದ್ದರು. ಒಂದು ದಿನ ಸಿದ್ಧಾಂತಗಳ ಪಾಠ. ದೊಡ್ಡ ದೊಡ್ಡ ಹೆಸರು ಬರುತ್ತವೆಂದು ನಾವು ಪೆನ್ನು ಹಿಡಿದು ಕುಳಿತಿದ್ದೆವು. ಅವರು ಬೋರ್ಡಿನ ಮೇಲೆ ಒಂದು ನಲ್ಲಿಯ ಚಿತ್ರ ಬರೆದರು.

"ಬೆಳಿಗ್ಗೆ ಐದಕ್ಕೆ ನೀರು ಬರತ್ತೆ. ಎಲ್ಲರೂ ಸಾಲಾಗಿ ಕೊಡ ಇಡ್ತಾರೆ, ಎಲ್ಲರಿಗೂ ನೀರು ಸಿಗತ್ತೆ. ಸಮಾಜ ಹೀಗೆ ತನ್ನನ್ನ ತಾನೇ ಕಾಪಾಡ್ಕೊಳ್ಳತ್ತೆ ಅಂತಾರೆ ಒಂದು ಪಂಥದವರು. ಎರಡನೆಯವರು ಬಂದು ಕೇಳ್ತಾರೆ, ಸಾಲಲ್ಲಿ ಮೊದಲನೇ ಕೊಡ ದಿನಾ ಯಾರದು? ಯಾಕೆ ಅವರದೇ? ಮೂರನೆಯವರು ಏನೂ ಕೇಳಲ್ಲ. ಸುಮ್ನೆ ಸಾಲಲ್ಲೇ ನಿಂತ್ಕೊಂಡು ನೋಡ್ತಾರೆ. ಯಾರು ಯಾರನ್ನ ನೋಡಿ ನಗ್ತಾರೆ, ಯಾರ ಕೊಡ ತಗುಲಿದ್ರೆ ಯಾರು ಹಿಂದೆ ಸರೀತಾರೆ..."

ಹುಡುಗಿಯರೆಲ್ಲ ನಕ್ಕರು. ನಮ್ಮ ನಲ್ಲಿಯಲ್ಲಿ ಮೊದಲ ಕೊಡ ಯಾವಾಗಲೂ ಓನರಮ್ಮನದೇ. ಇಷ್ಟು ವರ್ಷ ಅದನ್ನು ನೋಡುತ್ತಲೇ ಇದ್ದೆ, ಒಂದು ದಿನವೂ ಕಂಡಿರಲಿಲ್ಲ.

ದಸರಾ ರಜೆಗೆ ಅವರು ಒಂದು ಕೆಲಸ ಕೊಟ್ಟರು. ನಿಮ್ಮ ಬೀದಿಗೆ ಹೊಸದಾಗಿ ಬಂದವರ ಕಣ್ಣಿನಿಂದ ನಿಮ್ಮ ಬೀದಿಯನ್ನು ನೋಡಿ ಬರೆಯಿರಿ, ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ ಎಂದರು. ನಾನು ಇನ್ನೂರು ಪುಟದ ನೋಟ್‌ಬುಕ್ ಕೊಂಡು ವಠಾರದ ಮೇಲೆ ಬಿದ್ದೆ. ಯಾರ ಮನೆಯ ಹಬ್ಬಕ್ಕೆ ಯಾರಿಗೆ ಕರೆ, ಯಾರು ಹೊಸ್ತಿಲ ಈಚೆ ನಿಂತು ಮಾತಾಡುತ್ತಾರೆ, ಯಾರು ಅಡುಗೆಮನೆಯವರೆಗೆ ಹೋಗುತ್ತಾರೆ... ಎಲ್ಲವನ್ನೂ ಬರೆದೆ. ಕೊನೆಯ ಮನೆಯನ್ನೂ ಬಿಡಲಿಲ್ಲ. ಹುಣ್ಣಿಮೆಯ ದಿನ ಮೇಡಂ ಬಿಳಿ ಸೀರೆ ಉಡುತ್ತಿದ್ದರು. ಒಳಕೋಣೆಯಲ್ಲಿ ಬುದ್ಧನ ಚಿತ್ರದ ಮುಂದೆ ದೀಪ ಹಚ್ಚಿ ನನಗೆ ತಿಳಿಯದ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಅದೇನೆಂದು ಅವರ ತಂಗಿಯನ್ನು ಕೇಳಿದೆ.

ಅವಳು ಸಂಪಿಗೆ ಮರದ ಕೆಳಗೆ ಕುಂಟಾಬಿಲ್ಲೆಯ ಗೆರೆ ಎಳೆಯುತ್ತ, "ನಮ್ಮಪ್ಪ ಚಿಕ್ಕೋರಿದ್ದಾಗ ನಮ್ಮೋರು ಊರಾಚೆ ಇದ್ರಂತೆ ಅಕ್ಕಾ, ಬಾವಿ ಮುಟ್ಟೋ ಹಾಗಿರ್ಲಿಲ್ಲವಂತೆ. ಅದಕ್ಕೇ ಎಲ್ಲಾರೂ ಸೇರಿ ಬುದ್ಧನ ಕಡೆ ಬಂದ್ಬಿಟ್ರು" ಎಂದಳು. ನಾನು ಅದನ್ನು ಅಕ್ಷರ ಬಿಡದೆ ಬರೆದುಕೊಂಡೆ. ಅಷ್ಟು ಒಳ್ಳೆಯ ಮಾತು ತರಗತಿಯಲ್ಲಿ ಇನ್ಯಾರಿಗೂ ಸಿಕ್ಕಿರಲಾರದು ಎಂಬ ಹೆಮ್ಮೆ ಬೇರೆ.

ನಾನು ಬರೆಯುತ್ತಿರುವುದು ವಠಾರಕ್ಕೆಲ್ಲ ಗೊತ್ತಾಗಿತ್ತು. ಒಂದು ಮಧ್ಯಾಹ್ನ ಓನರಮ್ಮ ಜಗಲಿಯ ಮೇಲೆ ಹೂ ಕಟ್ಟುತ್ತ ಕುಳಿತಿದ್ದವರು ಕರೆದರು. "ಏನೇ ಹುಡುಗಿ, ನನ್ ಬಗ್ಗೆನೂ ಬರ್ದಿದೀಯಂತೆ? ಕೊಡಿಲ್ಲಿ, ನೋಡೋಣ."

ಕೊಟ್ಟೆ. ಯಾರೂ ಕಿತ್ತುಕೊಳ್ಳಲಿಲ್ಲ, ಕದ್ದು ಓದಲಿಲ್ಲ. ನಾನೇ ನಗುನಗುತ್ತ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಸಂಜೆಯವರೆಗೂ ಓದಿದರು. ದೀಪ ಹಚ್ಚುವ ಹೊತ್ತಿಗೆ ಪುಸ್ತಕ ವಾಪಸ್ ಕೊಡುತ್ತ, "ಚೆನ್ನಾಗಿ ಬರ್ದಿದೀಯ ಕಣೇ" ಎಂದು ತಲೆ ಸವರಿದರು. ಕಾಲೇಜು ಶುರುವಾದ ದಿನ ಅದನ್ನು ಮೇಡಮ್ಮಿಗೆ ಒಪ್ಪಿಸಿದೆ.

ಆ ವಾರದ ಒಂದು ಬೆಳಿಗ್ಗೆ. ಇನ್ನೂ ಮಂಜು ಬಿಟ್ಟಿರಲಿಲ್ಲ. ಸಾಲಿನಲ್ಲಿ ನಾನು ಮೂರನೆಯವಳು. ಓನರಮ್ಮ ತಮ್ಮ ಕೊಡ ತುಂಬಿಸಿಕೊಂಡೂ ಹೋಗದೆ ಅಲ್ಲೇ ನಿಂತಿದ್ದರು. ಮೇಡಂ ಬಕೆಟ್ಟು ಹಿಡಿದು ಸಾಲಿಗೆ ಬಂದಾಗ ಸಾಲಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಸರಿದರು. ಮಾತಿಲ್ಲ, ಬೈಗುಳವಿಲ್ಲ... ದಾರಿ ಬಿಟ್ಟರೆಂದೇ ಮೊದಲು ನಾನು ತಿಳಿದೆ. ಮೇಡಂ ನೀರು ಹಿಡಿದು ಎರಡು ಹೆಜ್ಜೆ ಇಟ್ಟಿರಬಹುದು. ಓನರಮ್ಮ ತಮ್ಮ ಕೊಡದ ನೀರನ್ನು ನಲ್ಲಿಯ ಮೇಲೂ ಕಟ್ಟೆಯ ಮೇಲೂ ಸುರಿದು, ಹುಣಸೆಹಣ್ಣಿನಿಂದ ಹಿತ್ತಾಳೆಯ ತಿರುಪನ್ನು ಉಜ್ಜತೊಡಗಿದರು. ಮೇಡಂ ತಿರುಗಿ ನೋಡಲಿಲ್ಲ. ನಾನು ಕೆಳಗೆ ನೋಡಿದೆ. ನನ್ನ ಕಾಲೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿತ್ತು. ಅದು ಯಾವಾಗ ಹೋಯಿತೋ ನನಗೆ ಇವತ್ತಿಗೂ ತಿಳಿಯದು.

ತಮ್ಮನ ಮಗ ಬರುತ್ತಾನೆ, ಮನೆ ಬೇಕು ಎಂದು ಓನರಮ್ಮ ಮೇಡಮ್ಮಿಗೆ ಹೇಳಿ ಕಳಿಸಿದರು. ಅವರಿಗೆ ತಮ್ಮನೇ ಇಲ್ಲವೆಂಬುದು ವಠಾರಕ್ಕೆಲ್ಲ ಗೊತ್ತಿತ್ತು. ನಾನು ಅಮ್ಮನ ಮುಂದೆ ಅತ್ತೆ. ಓನರಮ್ಮನ ಹತ್ತಿರ ಮಾತಾಡು ಎಂದು ಬೇಡಿದೆ. ಅಮ್ಮ ಅಕ್ಕಿ ಆರಿಸುತ್ತ, "ನಾವೂ ಬಾಡಿಗೆಯವರೇ ಕಣೇ. ಮೇಲಾಗಿ ಓನರಮ್ಮ ನಮ್ಮ ಜಾತಿಯವರು. ನಾಳೆ ನಿನ್ ಮದುವೆಗೆ ನಾಲ್ಕು ಜನ ಬೇಡ್ವಾ?" ಎಂದಳು. ಕೆಟ್ಟ ದನಿಯಲ್ಲೇನೂ ಹೇಳಲಿಲ್ಲ. ಅವಳಿಗೆ ಮೇಡಂ ಎಂದರೆ ಇಷ್ಟವೇ ಇತ್ತು.

ಕಾಲೇಜಿನಲ್ಲಿ ಪಾಠ ನಿಲ್ಲಲಿಲ್ಲ. ಆ ದಿನಗಳಲ್ಲಿ ಬಂದದ್ದು ಸಾಮಾಜಿಕ ನಿಯಂತ್ರಣ. "ಜನರನ್ನ ಹದ್ದುಬಸ್ತಿನಲ್ಲಿಡೋಕೆ ಯಾವಾಗ್ಲೂ ಪೊಲೀಸೇ ಬೇಕು ಅಂತಿಲ್ಲ. ಮಾತು ಬಿಟ್ರೆ ಸಾಕು" ಎಂದರು ಮೇಡಂ. ನಲವತ್ತು ಹುಡುಗಿಯರು ಆ ವಾಕ್ಯವನ್ನು ಬರೆದುಕೊಂಡರು. ನನ್ನ ಪೆನ್ನು ಮಾತ್ರ ಏಳಲಿಲ್ಲ.

ಅವರು ಹೊರಟದ್ದು ಒಂದು ಭಾನುವಾರ. ಕೈಗಾಡಿಯಲ್ಲಿ ಎರಡು ಟ್ರಂಕು, ಸುತ್ತಿದ ಹಾಸಿಗೆ, ಸೈಕ್ಲೋಸ್ಟೈಲಿನ ಪೆಟ್ಟಿಗೆ. ಉಳಿದ ಎಂಟು ಮನೆಯ ಕಿಟಕಿಗಳೂ ತೆರೆದಿದ್ದವು, ಬಾಗಿಲುಗಳು ಮುಚ್ಚಿದ್ದವು. ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಮೇಡಂ ಖಾಲಿ ಮನೆಯನ್ನು ಗುಡಿಸಿ, ಹೊಸ್ತಿಲು ಒರೆಸಿ, ಬೀಗದ ಕೈಯನ್ನು ಓನರಮ್ಮನ ಜಗಲಿಯ ಮೇಲಿಟ್ಟು, ನೇರವಾಗಿ ನಮ್ಮ ಬಾಗಿಲಿಗೆ ಬಂದರು. ಬಾಗಿಲು ತೆರೆದೆ. ಅವರ ಕೈಯಲ್ಲಿ ನನ್ನ ನೋಟ್‌ಬುಕ್ ಇತ್ತು.

"ತಿದ್ದಿದೀನಿ. ತಗೋ."

"ಮೇಡಂ... ನಾನೇ ಅವ್ರ ಕೈಗೆ ಕೊಟ್ಟೆ."

"ಗೊತ್ತು." ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡರು. "ನೀನು ಸುಳ್ಳು ಬರ್ದಿಲ್ಲ. ಮುಚ್ಚಿಟ್ಕೊಂಡು ಇರೋದು ನಂಗೂ ಸಾಕಾಗಿತ್ತು. ಆದ್ರೆ ಅದನ್ನ ಹೇಳೋದು ನನ್ನ ಕೆಲಸ ಕಣಮ್ಮ, ನಿಂದಲ್ಲ."

ನಾನು ತಲೆ ಎತ್ತುವಷ್ಟರಲ್ಲಿ ಅವರು ಗಾಡಿಯ ಹಿಂದೆ ನಡೆಯುತ್ತಿದ್ದರು. ಪಕ್ಕದಲ್ಲಿ ತಂಗಿ, ಕೈಯಲ್ಲಿ ಬಟ್ಟೆ ಸುತ್ತಿದ ಚಿತ್ರಪಟ. ಬಿಸಿಲಿಗೆ ಬೀದಿ ಬೆಳ್ಳಗೆ ಮಿನುಗುತ್ತಿತ್ತು. ಅವರಿಬ್ಬರೂ ಆ ಬೆಳಕಿನೊಳಗೆ ಕರಗಿಹೋದ ಹಾಗೆ ಕಂಡಿತು... ಅಥವಾ ನನ್ನ ಕಣ್ಣು ಮಂಜಾಗಿತ್ತೋ ಏನೋ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇಪ್ಪತ್ತಕ್ಕೆ ಹದಿನಾರು ಅಂಕ ಕೊಟ್ಟಿದ್ದರು. ಕೆಳಗೆ ಕೆಂಪು ಶಾಯಿಯಲ್ಲಿ, "ಗಮನಿಸುವ ಕಣ್ಣಿದೆ. ಎಲ್ಲರೂ ಎಲ್ಲೆಲ್ಲಿ ನಿಂತಿದ್ದರೆಂದು ಬರೆದಿದ್ದೀಯ. ನೀನು ಎಲ್ಲಿ ನಿಂತಿದ್ದೆ?" ಎಂದಿತ್ತು.

ಮುಂದಿನ ವರ್ಷ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ನಾನು ಡಿಗ್ರಿ ಮುಗಿಸಿ, ಮನೆ ಮನೆಗೆ ಹೋಗಿ ವಿವರ ಬರೆದುಕೊಳ್ಳುವ ಸರ್ಕಾರಿ ಕೆಲಸಕ್ಕೆ ಸೇರಿದೆ. ಎಷ್ಟು ಜನ, ಏನು ಕಸುಬು, ಯಾವ ಜಾತಿ, ನೀರು ಎಲ್ಲಿಂದ... ಮೂವತ್ತು ವರ್ಷ ಅದೇ ಪ್ರಶ್ನೆಗಳು. ಜನ ನಂಬಿ ಎಷ್ಟೋ ಹೇಳಿಬಿಡುತ್ತಿದ್ದರು. ಪ್ರತಿ ಸಲವೂ ಪೆನ್ನು ಎತ್ತಿ ಹಿಡಿದು, "ಇದನ್ನ ಬರ್ಕೊಳ್ಳಲಾ?" ಎಂದು ಕೇಳುತ್ತಿದ್ದೆ. ಬೇಡ ಎಂದರೆ ಬಿಡುತ್ತಿದ್ದೆ. ನನ್ನ ಫಾರಂಗಳಲ್ಲಿ ಖಾಲಿ ಜಾಗ ಜಾಸ್ತಿ ಎಂದು ಮೇಲಿನವರು ಬೈಯುತ್ತಿದ್ದರು. ಬೈಸಿಕೊಳ್ಳುತ್ತಿದ್ದೆ.

ಆಮೇಲೆ ಒಂದೇ ಒಂದು ಸಲ ಅವರು ಸಿಕ್ಕಿದ್ದರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಚಳಿಗಾಲದ ಒಂದು ಸಂಜೆ, ಸಂಪಿಗೆ ರಸ್ತೆಯ ಉದ್ದಕ್ಕೂ ಅವರೆಕಾಯಿಯ ಸೊಗಡು. ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕಾಯಿ ಆರಿಸುತ್ತಿದ್ದ ಹೆಂಗಸು ತಲೆ ಎತ್ತಿದರೆ, ಮೇಡಂ. ಕಿವಿಯ ಬಳಿ ಕೂದಲು ನರೆತಿತ್ತು. ನನಗೆ ಓಡಿಹೋಗಬೇಕೆನ್ನಿಸಿತು. ಅವರೇ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಮತ್ತೆ ಇದೇ ಊರಿಗೆ ವಾಪಸ್ ಬಂದಿದ್ದಾರಂತೆ, ತಂಗಿಗೆ ಮದುವೆಯಾಗಿದೆಯಂತೆ, ಎಲ್ಲರೂ ಒಟ್ಟಿಗೆ ಇದ್ದಾರಂತೆ. ನನ್ನ ಕೆಲಸ ಏನೆಂದು ಕೇಳಿ ಗಟ್ಟಿಯಾಗಿ ನಕ್ಕರು. "ಅಂತೂ ಬರೆಯೋದು ಬಿಡಲಿಲ್ಲ ನೀನು! ಮತ್ತಿಕೆರೆಯಲ್ಲಿ ಮನೆ ಕಟ್ಟಿಸಿದೀವಿ. ಬಾ ಒಂದಿನ, ಕೂತ್ಕೊಂಡು ಮಾತಾಡೋಣ." ಚೀಟಿಯ ಮೇಲೆ ವಿಳಾಸ ಬರೆದುಕೊಟ್ಟರು.

"ಖಂಡಿತ ಬರ್ತೀನಿ ಮೇಡಂ" ಎಂದೆ.

ಹೋಗಲಿಲ್ಲ. ಮಕ್ಕಳ ಪರೀಕ್ಷೆ, ಅಮ್ಮನ ಕಾಯಿಲೆ, ಆಫೀಸು... ನೆಪಗಳಿಗೇನು ಬರ. ನಿಜ ಹೇಳಬೇಕೆಂದರೆ, ಕೂತು ಮಾತಾಡಿದರೆ ನನ್ನ ಕಾಲು ಹಿಂದೆ ಸರಿದ ಆ ಬೆಳಗಿನ ಮಾತು ಬಂದೇ ಬರುತ್ತದೆಂಬ ಭಯ. ಅವರು ಅದನ್ನು ನೋಡಿರಲಿಲ್ಲ. ನಾನೇ ಹೇಳಬೇಕಿತ್ತು.

ಬಳೇಪೇಟೆಗೆ ಹೋಗಿಬಂದ ವಾರವೇ ಆ ಹಳೆಯ ಚೀಟಿ ಹುಡುಕಿ ತೆಗೆದು ಮತ್ತಿಕೆರೆಗೆ ಹೋದೆ. ಬೀದಿ ತುಂಬ ವಿದ್ಯಾರ್ಥಿಗಳ ಪಿ.ಜಿ.ಗಳು, ಬಾಲ್ಕನಿಗಳಲ್ಲಿ ಒಣಗುವ ಬಟ್ಟೆ. ಅವುಗಳ ನಡುವೆ ಆ ಪುಟ್ಟ ಮನೆ ಹೇಗೋ ಉಳಿದುಕೊಂಡಿತ್ತು. ಬೆಲ್ ಒತ್ತಿದೆ. ನಲವತ್ತು ದಾಟಿರದ ಹೆಂಗಸೊಬ್ಬಳು ಅರ್ಧ ಬಾಗಿಲು ತೆರೆದಳು. ಕಣ್ಣುಗಳು ಥೇಟ್ ಆ ಕುಂಟಾಬಿಲ್ಲೆಯ ಹುಡುಗಿಯವು. ಮಗಳೇ ಇರಬೇಕು. ಮೇಡಂ ಇದ್ದಾರಾ ಎಂದು ಕೇಳಿದೆ.

"ದೊಡ್ಡಮ್ಮ ತೀರ್ಕೊಂಡು ನಾಲ್ಕು ವರ್ಷ ಆಯ್ತಲ್ಲ" ಎಂದು ನನ್ನನ್ನೇ ನೋಡಿದಳು. ಆಮೇಲೆ ಮೆತ್ತಗೆ ಕೇಳಿದಳು. "ನೀವು ಅವ್ರಿಗೆ ಏನಾಗ್ಬೇಕು?"

ಶಿಷ್ಯೆ ಎನ್ನಬಹುದಿತ್ತು. ಒಂದೇ ವಠಾರದವರು ಎನ್ನಬಹುದಿತ್ತು. ಎರಡೂ ಸುಳ್ಳಲ್ಲ. ಬಾಯಿಗೆ ಬಂದದ್ದೇ ಬೇರೆ.

"ಬರ್ತೀನಿ ಅಂತ ಹೇಳಿ ಬರದೇ ಹೋದವಳಮ್ಮ ನಾನು."

ಅವಳಿಗೆ ಏನು ಅರ್ಥವಾಯಿತೋ ಕಾಣೆ. ಇನ್ನರ್ಧ ಬಾಗಿಲನ್ನೂ ತೆರೆದು, "ಬನ್ನಿ, ಒಳಗೆ ಬನ್ನಿ" ಎಂದಳು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಹೇಳಬೇಕಾದ ಮಾತು ಇನ್ನೂ ನನ್ನ ಹತ್ತಿರವೇ ಇತ್ತು. ಕೇಳಬೇಕಾದವರು ಇರಲಿಲ್ಲ.