ತೊಳೆದ ಕರ್ಚೀಫು

ಆ ಕರ್ಚೀಫನ್ನು ತೊಳೆದವಳು ನಾನು, ರತ್ನಾ. ಅದರ ಮೇಲೆ ಕೆಂಪು ಧೂಳಿತ್ತು. ನಿನ್ನ ಹಿಪ್ಪುನೇರಳೆ ತೋಟದ ಸೊಪ್ಪಿನಿಂದ ನಾನೇ ಒರೆಸಿ ತೆಗೆದ ಧೂಳು. ಮನೆಗೆ ಬಂದು ನಲ್ಲಿಯ ಕೆಳಗೆ ಹಿಡಿದೆ, ಸೋಪು ಹಚ್ಚಿ ಉಜ್ಜಿದೆ, ದಾಸವಾಳದ ಗಿಡದ ಮೇಲೆ ಹರವಿದೆ. ಆಮೇಲೆ ರೆಜಿಸ್ಟರ್ ತೆಗೆದು ನಿನ್ನ ಹೆಸರಿನ ಮುಂದೆ ‘ಕ್ಲೀನ್’ ಎಂದು ಬರೆದು ಸೈನ್ ಮಾಡಿದೆ. ಒಂದು ದಿನವಲ್ಲ — ಮೂರು ದಿನ.

ಇಷ್ಟನ್ನು ಮೊದಲೇ ಹೇಳಿಬಿಡಬೇಕಿತ್ತು. ನಾನು ವರ್ಷಾನುಗಟ್ಟಲೆ ಶಿಡ್ಲಘಟ್ಟದ ಮಕ್ಕಳಿಗೆ ಇಂಗ್ಲಿಷ್ ಕಾಂಪೊಸಿಷನ್ ಕಲಿಸಿದವಳು. ಯಾವ ಸೆಂಟೆನ್ಸನ್ನು ಎಲ್ಲಿ ತಿರುಗಿಸಿದರೆ ಓದುವವರ ಮನಸ್ಸು ಕರಗುತ್ತದೆ ಎಂದು ನನಗೆ ಗೊತ್ತು. ಬರೆಯುತ್ತಾ ಹೋದರೆ ನನ್ನ ಕೈ ನನ್ನನ್ನೇ ಕಾಪಾಡಲು ನೋಡುತ್ತದೆ. ಅದಕ್ಕೇ ತಪ್ಪನ್ನು ಮೊದಲ ಸಾಲಿನಲ್ಲೇ ಬರೆದು ಆ ಬಾಗಿಲು ಮುಚ್ಚಿಕೊಂಡೆ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಇದನ್ನು ಬೇರೆಯವರೂ ಕೇಳಬೇಕು.

ನಮ್ಮೂರ ಹಿಂದಿನ ಬೋಳು ದಿಣ್ಣೆಗಳ ಮೇಲೆ ಸೋಲಾರ್ ಪಾರ್ಕ್ ಬರುತ್ತದೆ ಎಂದಾಗ ಯಾರೂ ಬೇಡವೆನ್ನಲಿಲ್ಲ. ಆದರೆ ಅಲ್ಲಿಗೆ ಹೋಗುವ ಮಣ್ಣುದಾರಿ ನಿಮ್ಮ ತೋಟಗಳ ಅಂಚಿನಲ್ಲೇ ಇತ್ತು. ಟಿಪ್ಪರ್‌ಗಳು ಓಡಾಡಲು ಶುರುವಾದ ವಾರದಲ್ಲೇ ಸೊಪ್ಪು ಇಟ್ಟಿಗೆಪುಡಿಯ ಬಣ್ಣಕ್ಕೆ ತಿರುಗಿತು. ಧೂಳಿನ ಸೊಪ್ಪು ತಿಂದ ರೇಷ್ಮೆಹುಳು ಉಳಿಯುವುದಿಲ್ಲ. ತೊಳೆದು ಹಾಕೋಣವೆಂದರೆ ಒದ್ದೆ ಸೊಪ್ಪೂ ಅದಕ್ಕೆ ಆಗದು. ಹೆಂಗಸರೆಲ್ಲ ದಾರಿಗೆ ಅಡ್ಡ ಕೂತಿರಿ. ಕೊನೆಗೆ ಕಂಪನಿಯವರು ಒಪ್ಪಿದರು — ಊರಿನವರದೇ ಒಂದು ಉಸ್ತುವಾರಿ ಸಮಿತಿ ಇರಲಿ, ಅದು ನಿಲ್ಲಿಸು ಎಂದ ದಿನ ಕೆಲಸ ನಿಲ್ಲಲಿ ಎಂದು. ಕಾಗದಪತ್ರವೆಲ್ಲ ಇಂಗ್ಲಿಷಿನಲ್ಲಿ ಬರುತ್ತಿತ್ತಲ್ಲ, ಅದಕ್ಕೆ ನನ್ನನ್ನು ಅಧ್ಯಕ್ಷೆ ಮಾಡಿದಿರಿ. ಒಂದು ಎಲೆ ಸೊಪ್ಪನ್ನೂ ಬೆಳೆದವಳಲ್ಲ ನಾನು. ಅಕ್ಕ ಬಿಟ್ಟುಹೋದ ಸೈಟಿನಲ್ಲಿ ಎರಡು ರೂಮು ಕಟ್ಟಿಕೊಂಡು, ಪೆನ್ಷನ್ನಿನಲ್ಲಿ, ಹಳೆಯ ಪುಸ್ತಕಗಳ ಜೊತೆ ಇದ್ದವಳು.

ಮೊದಲ ಮೀಟಿಂಗು ನೆನಪಿದೆಯೇ? ಕಂಪನಿಯ ಸೈಟ್ ಆಫೀಸರ್ ಅರವಿಂದ್, ಧೂಳು ಅಳೆಯುವ ಮೆಷಿನ್ ಬೆಂಗಳೂರಿನಿಂದ ಬರುತ್ತದೆ, ಸ್ವಲ್ಪ ಕಾಯಿರಿ ಎಂದ. ನೀನು ಕೂತಲ್ಲಿಂದಲೇ, “ನಿಮ್ ಮಿಷಿನ್ ಬರೋ ಹೊತ್ಗೆ ನಮ್ ಹುಳ ಗೂಡ್ ಕಟ್ಟಿ ಮಾರ್ಕೆಟ್ಗೆ ಹೋಗಿರ್ತದೆ ಸಾರ್. ಒಂದ್ ಬಿಳಿ ಬಟ್ಟೆ ಸಾಕು” ಎಂದೆ. ಎದ್ದು ಬಂದು ನನ್ನ ಕೈಯಲ್ಲಿದ್ದ ಕರ್ಚೀಫನ್ನು ಎಳೆದುಕೊಂಡೆ. ತೋಟದ ಅಂಚಿಗೆ ಹೋಗಿ ನಾಲ್ಕು ಎಲೆ ಒರೆಸಿ ಎತ್ತಿ ಹಿಡಿದೆ. ಅಂಗೈಯಗಲದ ಕೆಂಪು ಕಲೆ.

“ಟೀಚರಮ್ಮನ ಕರ್ಚೀಫ್ ಹೋಯ್ತು ಬಿಡು!” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು, ಅರವಿಂದನೂ ನಕ್ಕ.

ಆವತ್ತೇ ಕಟ್ಟಳೆಯಾಯಿತು. ತನ್ನ ತೋಟವನ್ನು ತಾನೇ ಒರೆಸುವಂತಿಲ್ಲ; ಬೆಳೆ ಇಲ್ಲದ ನಾನೇ ಪ್ರತಿದಿನ ಬೆಳಿಗ್ಗೆ ಹೋಗಿ ಒರೆಸಬೇಕು. ಕಲೆ ಬಿದ್ದರೆ ‘ಸ್ಟಾಪ್’ ಎಂದು ಬರೆಯಬೇಕು. ಆ ದಿನ ಟಿಪ್ಪರ್ ಓಡುವಂತಿಲ್ಲ, ಆ ಅಂಚಿನ ಸೊಪ್ಪನ್ನು ಹುಳುವಿಗೆ ಹಾಕುವಂತಿಲ್ಲ, ಕಂಪನಿಯೇ ದೂರದ ತೋಟದಿಂದ ಸೊಪ್ಪು ತರಿಸಿಕೊಡಬೇಕು. ಅದಕ್ಕೆ ನೀನು ಇನ್ನೊಂದು ಮಾತು ಸೇರಿಸಿದೆ. “ಕಣ್ಣು ದಿನಕ್ಕೊಂದ್ ಥರ ನೋಡುತ್ತೆ ಕಣಮ್ಮ. ನಮಗೆ ಆಸೆ ಇದ್ರೆ ಧೂಳೇ ಕಾಣಲ್ಲ, ಸಿಟ್ಟಿದ್ರೆ ಎಲ್ಲಾ ಧೂಳೇ. ಬಟ್ಟೆ ಏನ್ ಹೇಳುತ್ತೋ ಅದೇ ಕೊನೆ. ನಾನೇ ಅಡ್ಡ ಮಾತಾಡಿದ್ರೂ ನೀವು ಕೇಳ್ಬೇಡಿ.”

ಎಷ್ಟು ನ್ಯಾಯವಾದ ಮಾತು. ಅದೇ ಮಾತು ನಿನ್ನನ್ನು —

ಮುಂದೆ ಹೇಳುತ್ತೇನೆ.

ನನ್ನ ಪೆಟ್ಟಿಗೆಯಲ್ಲಿ ಒಂದು ಡಜನ್ ಬಿಳಿ ಕರ್ಚೀಫುಗಳಿದ್ದವು. ಕಾನ್ವೆಂಟ್ ಹಾಸ್ಟೆಲಿನಲ್ಲಿ ಸಿಸ್ಟರ್ ಒಬ್ಬರು ಪಕ್ಕದಲ್ಲಿ ಕೂತು ಅಂಚು ಹೊಲಿಸಿದವು. ಒಂದು ಹೊಲಿಗೆ ಸೊಟ್ಟಗಾದರೂ ಎಲ್ಲ ಬಿಚ್ಚಿಸುತ್ತಿದ್ದರು. ಅವನ್ನೆಲ್ಲ ಸಮಿತಿಗೆ ಕೊಟ್ಟೆ. ಆ ತಿಂಗಳುಗಳಲ್ಲಿ ನನ್ನಷ್ಟು ಸಂತೋಷವಾಗಿ ಯಾರಿದ್ದರು! ಬೆಳಗಿನ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಹೊರಟರೆ ಟಿಪ್ಪರ್ ಡ್ರೈವರುಗಳು ಬೀಡಿ ಮುಚ್ಚಿಟ್ಟುಕೊಂಡು ಎದ್ದು ನಿಲ್ಲುತ್ತಿದ್ದರು. ‘ಸ್ಟಾಪ್’ ಬರೆದ ದಿನ ಅವರಲ್ಲೊಬ್ಬ, “ಒಂದ್ ಕರ್ಚೀಫ್‌ಗೆ ಹತ್ತು ಚಕ್ರದ್ ಗಾಡಿ ನಿಂತೋಗ್ತದಲ್ಲಪ್ಪಾ!” ಎಂದು ಸ್ಟಿಯರಿಂಗ್ ಬಡಿದುಕೊಂಡಿದ್ದ. ಕಂಪನಿಯವರೂ ದಾರಿಗೆ ಮೂರು ಹೊತ್ತು ಟ್ಯಾಂಕರಿನಲ್ಲಿ ನೀರು ಹಾಕಿಸತೊಡಗಿದರು. ಸೊಪ್ಪು ಮತ್ತೆ ಹಸಿರಾಯಿತು. ನಿನ್ನ ಬಟ್ಟೆಯ ಪರೀಕ್ಷೆ ಗೆದ್ದಿತ್ತು ರತ್ನಾ. ನಿಜವಾಗಿ ಗೆದ್ದಿತ್ತು.

ಆಮೇಲೆ ಅರವಿಂದ್ ನಮ್ಮ ಮನೆಗೆ ಬರತೊಡಗಿದ.

ಲಂಚ ತರಲಿಲ್ಲ. ತಂದಿದ್ದರೆ ಹೊರಗೆ ಕಳಿಸುತ್ತಿದ್ದೆ, ಖಂಡಿತ. ಅವನು ತಂದದ್ದು ಇಂಗ್ಲಿಷು. ಜಗುಲಿಯ ಮೇಲೆ ಕೂತು ನನ್ನ ಪುಸ್ತಕಗಳನ್ನು ತಿರುವಿಹಾಕುತ್ತಿದ್ದ. “ಮ್ಯಾಮ್, ನಿಮ್ಮಂಥ ಉಚ್ಚಾರಣೆ ಈಗ ಎಲ್ಲೂ ಕೇಳೋಕೆ ಸಿಗಲ್ಲ” ಎನ್ನುತ್ತಿದ್ದ. ನನ್ನ ಇಂಗ್ಲಿಷನ್ನು ಯಾರಾದರೂ ಕೇಳಿ ಎಷ್ಟು ವರ್ಷವಾಗಿತ್ತೋ. ಬಾಯಲ್ಲೇ ತುಕ್ಕು ಹಿಡಿಯುತ್ತಿದೆ ಎನಿಸುತ್ತಿತ್ತು — ಕೆಲವೊಮ್ಮೆ ಅಡಿಗೆಮನೆಯಲ್ಲಿ ಒಬ್ಬಳೇ ಜೋರಾಗಿ ಮಾತಾಡಿಕೊಳ್ಳುತ್ತಿದ್ದೆ. ಹಾಗಿರುವಾಗ ಒಂದು ದಿನ ಅವನು ಹೇಳಿದ: ಕಂಪನಿಯ ದೊಡ್ಡವರು ಸೈಟು ನೋಡಲು ಬರುತ್ತಾರೆ, ವಿದೇಶದವರೂ ಇರುತ್ತಾರೆ, ಊರಿನ ಪರವಾಗಿ ವೆಲ್ಕಮ್ ಸ್ಪೀಚ್ ನೀವೇ ಕೊಡಬೇಕು ಮ್ಯಾಮ್.

ಒಂದು ವಾರ ಬರೆದೆ. ಹರಿದೆ. ಮತ್ತೆ ಬರೆದೆ. ಕಾನ್ವೆಂಟಿನ ಆನ್ಯುಯಲ್ ಡೇ ಹಿಂದಿನ ದಿನದ ಹುಡುಗಿಯಂತೆ ಕನ್ನಡಿಯ ಮುಂದೆ ನಿಂತು ಓದಿದೆ.

ಕಾರ್ಯಕ್ರಮದ ಹಿಂದಿನ ದಿನ ಬೆಳಿಗ್ಗೆ ಎಂದಿನಂತೆ ನಿನ್ನ ತೋಟಕ್ಕೆ ಹೋದೆ. ಒರೆಸಿದೆ. ಕಲೆ ಬಿತ್ತು. ಅತಿಥಿಗಳಿಗೆ ದಾರಿ ಸರಿಮಾಡಲು ಜಲ್ಲಿ ಹೊತ್ತ ಟಿಪ್ಪರುಗಳು ನಸುಕಿನಿಂದಲೇ ಓಡುತ್ತಿದ್ದವು. ನೀರಿನ ಟ್ಯಾಂಕರು ದಾರಿಯಲ್ಲಿರಲಿಲ್ಲ — ಸ್ಟೇಜಿನ ಮುಂದೆ ನೀರು ಹಾಕಲು ಹೋಗಿತ್ತು. ಅರವಿಂದ್ ಅಲ್ಲೇ ನಿಂತಿದ್ದ. ಕರ್ಚೀಫು ನೋಡಿದ. ಗಡಿಬಿಡಿಯಿಲ್ಲದೆ, ಮೆತ್ತಗೆ ಹೇಳಿದ:

“ಮ್ಯಾಮ್, ಇವತ್ತು ಸ್ಟಾಪ್ ಅಂತ ಬರೆದ್ರೆ ಪ್ರೋಗ್ರಾಮೇ ಕ್ಯಾನ್ಸಲ್. ಜಸ್ಟ್ ಎರಡು ಮೂರು ದಿನ. ಪ್ಲೀಸ್.”

ನಾನು ಕರ್ಚೀಫನ್ನು ಮಡಿಸಿ ಬ್ಲೌಸಿಗೆ ಸಿಕ್ಕಿಸಿಕೊಂಡು ನಿನ್ನ ಹುಳುಮನೆಯ ಕಡೆ ಬಂದೆ.

ನಿನ್ನ ಹುಳುಗಳು ಆಗ ನಾಲ್ಕನೇ ಜ್ವರದಿಂದ ಎದ್ದಿದ್ದವು. ದಾರಿಯಂಚಿನವರಲ್ಲಿ ಆ ವಾರ ಹುಳು ಇದ್ದದ್ದು ನಿನ್ನೊಬ್ಬಳ ಮನೆಯಲ್ಲೇ. ಹುಳು ಉಪವಾಸವಿದ್ದು ಪೊರೆ ಬಿಡುವುದನ್ನು ನೀವು ಜ್ವರ ಎನ್ನುತ್ತೀರಿ. ಕೊನೆಯ ಜ್ವರ ಎದ್ದ ಮೇಲೆ ಅವು ಹಗಲಿರುಳು ಮೇಯುತ್ತವೆ, ಮನೆಯೊಳಗೆ ಸಣ್ಣ ಮಳೆ ಸುರಿದಂತೆ ಸದ್ದಾಗುತ್ತದೆ. ಆ ದಿನಗಳಲ್ಲಿ ಹೊರಗಿನವರು ಒಳಗೆ ಬರುವಂತಿಲ್ಲ. ನೀನು ಊಜಿ ನೊಣ ಬಾರದಂತೆ ಕಟ್ಟಿದ ಬಲೆಯ ಹಿಂದೆ ನಿಂತಿದ್ದೆ, ತಲೆಗೆ ಬಟ್ಟೆ ಕಟ್ಟಿಕೊಂಡು. ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

“ಟೀಚರಮ್ಮ, ಹೆಂಗೈತೆ?”

“ಕ್ಲೀನ್ ಇದೆ ಕಣಮ್ಮ.”

ಹಾಸ್ಟೆಲಿನಲ್ಲಿದ್ದಾಗ ಪ್ರತಿ ಶನಿವಾರ ಕ್ಯಾಥೊಲಿಕ್ ಹುಡುಗಿಯರು ಚಾಪೆಲಿನಲ್ಲಿ ಕನ್ಫೆಷನ್‌ಗೆ ಹೋಗುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ಜಾಲರಿಯ ಆಚೆ ಕಾಣದ ಪಾದ್ರಿಯ ಮುಖ, ಈಚೆ ಮೊಣಕಾಲೂರಿ ನಿಜ ಹೇಳುವ ಹುಡುಗಿ. ಎದ್ದು ಬರುವಾಗ ಹಗುರಾಗಿರುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಜೀವನದಲ್ಲಿ ಒಂದೇ ಒಂದು ಸಲ ನಾನೂ ಬಲೆಯ ಮುಂದೆ ನಿಂತೆ. ನಿಂತು — ಸುಳ್ಳು ಹೇಳಿದೆ.

ಮಾರನೆಯ ದಿನವೂ ಕಲೆ ಬಿತ್ತು; ಅದೇ ಸುಳ್ಳು ಹೇಳಿದೆ. ಅದರ ಮಾರನೆಯ ದಿನ ಸೊಪ್ಪು ಒರೆಸಲೂ ಹೋಗಲಿಲ್ಲ. ಬಲೆಯ ಬಳಿ ಬಂದು ಹೇಳಿ ಹೋದೆ, ಅಷ್ಟೇ.

ಸ್ಪೀಚ್ ಚೆನ್ನಾಗಿತ್ತು. ಚಪ್ಪಾಳೆ ತಟ್ಟಿದರು. ‘ನಮ್ಮ ಊರಿನ ಕಣ್ಗಾವಲಿನಲ್ಲಿ ನಡೆಯುತ್ತಿರುವ ಕೆಲಸ’ ಎಂಬ ಸಾಲಿಗೆ ಅತಿಥಿಯೊಬ್ಬರು ತಲೆದೂಗಿದರು. ಈಗ ಆ ಸ್ಪೀಚಿನ ಒಂದು ವಾಕ್ಯವೂ ನನಗೆ ನೆನಪಿಲ್ಲ; ಆ ಒಂದು ಸಾಲು ಬಿಟ್ಟು.

ನಾಲ್ಕನೆಯ ದಿನ ನಿನ್ನ ಹುಳುಗಳು ಮೇಯುವುದನ್ನು ನಿಲ್ಲಿಸಿದವು. ಆಮೇಲೆ ಮೆತ್ತಗಾದವು, ಕಪ್ಪಾದವು. ಬದುಕಿದ ಕೆಲವು, ಚಂದ್ರಿಕೆಯ ಬಿದಿರು ತಟ್ಟಿ ಏರಿ ಕಾಗದದಷ್ಟು ತೆಳ್ಳಗೆ ಗೂಡು ಕಟ್ಟಿದವು. ತಟ್ಟೆಗಟ್ಟಲೆ ಸತ್ತ ಹುಳುವನ್ನು ನೀನು ಗುಂಡಿಗೆ ಸುರಿಯುವಾಗ ನಾನು ಬೇಲಿಯ ಆಚೆ ನಿಂತಿದ್ದೆ. ಆ ವಾಸನೆ ಇಂದಿಗೂ —

ನೀನು ಸಮಿತಿಯನ್ನು ಕರೆಸಿದೆ. ಧೂಳಿನಿಂದಲೇ ಆಯಿತು, ಕಂಪನಿ ಒಪ್ಪಿಕೊಳ್ಳಲಿ ಎಂದೆ. ಅರವಿಂದ್ ರೆಜಿಸ್ಟರ್ ತೆರೆದು ಎಲ್ಲರಿಗೂ ತೋರಿಸಿದ. ಕ್ಲೀನ್, ಕ್ಲೀನ್, ಕ್ಲೀನ್. ನನ್ನ ದುಂಡನೆಯ ಕಾನ್ವೆಂಟ್ ಅಕ್ಷರ.

ನಿನ್ನ ಪಕ್ಕದ ತೋಟದ ವೆಂಕಟಶಾಮಿ ಶುರುಮಾಡಿದ: “ತಲೆಗೆ ಗಮಗಮ ಎಣ್ಣೆ ಬಳ್ಕೊಂಡು ಹುಳದ್ ಮನೆಗ್ ಹೋದ್ರೆ ಇನ್ನೇನಾಗ್ತದೆ? ಹುಳ ಸಾಯೋದು ಇವಳ ಸೋಕಿಗೆ, ಬೈಗಳು ಕಂಪ್ನಿಗೆ!”

ಕೆಲವರು ನಕ್ಕರು. ಮೂಲೆಯಲ್ಲಿ ಕೂತಿದ್ದ ನಿನ್ನ ಅತ್ತೆ ಮಾತ್ರ ಎದ್ದು ನಿಂತು, ತೆಲುಗಿನಲ್ಲಿ, ನನ್ನ ಕಡೆಗೇ ಕೈಮುಗಿದು ಹೇಳಿದರು: “ನಾ ಕೋಡಲು ಏ ತಪ್ಪೂ ಚೆಯ್ಯಲೇದಮ್ಮಾ.” ನನ್ನ ಸೊಸೆ ತಪ್ಪು ಮಾಡಿಲ್ಲ ತಾಯೀ. ಬೇರೆ ಯಾರಿಗೂ ಅಲ್ಲ, ನನಗೆ ಹೇಳಿದರು. ನಾನು ಹೇಳಿದರೆ ಊರು ನಂಬುತ್ತದೆ ಎಂದು ಅವರಿಗೆ ಗೊತ್ತಿತ್ತು.

ನೀನು ನನ್ನನ್ನೇ ನೋಡುತ್ತಿದ್ದೆ. ಆರೋಪಿಸಿ ನೋಡಿದ್ದರೆ ಬಹುಶಃ ಒಪ್ಪಿಕೊಂಡುಬಿಡುತ್ತಿದ್ದೆ. ನೀನು ಅಂದದ್ದು ಹೀಗೆ: “ಸೊಪ್ಪು ಕೈಗೆ ತರಿತರಿ ಅಂತಿತ್ತು ಕಣಮ್ಮ. ಅನುಮಾನ ಬಂತು. ಆದ್ರೆ ಬಟ್ಟೆ ಕ್ಲೀನ್ ಅಂದ್ರಲ್ಲ ನೀವು, ನನ್ ಕೈಯೇ ಸುಳ್ಳು ಅಂದ್ಕೊಂಡು ಹಾಕ್ಬಿಟ್ಟೆ.” ಹೇಳಿ, ನಿನ್ನ ಕೈಯನ್ನು ನೀನೇ ತಿರುಗಿಸಿ ನೋಡಿಕೊಂಡೆ.

ಆಗ ನಾನು ಎದ್ದು ನಿಂತು ಹೇಳಿದ ಮಾತು ಒಂದೇ.

“ರೆಜಿಸ್ಟರ್‌ನಲ್ಲಿ ಇರೋದೇ ಸರಿ.”

ಅದರ ನಂತರ ಎಲ್ಲವೂ ಬೇಗ ಮುಗಿಯಿತು. ನೀನು ಸಮಿತಿಗೆ ಬರುವುದನ್ನು ಬಿಟ್ಟೆ. ಬಟ್ಟೆ ಕ್ಲೀನ್ ಎಂದರೂ ಹುಳು ಸಾಯುತ್ತದೆ ಎಂದ ಮೇಲೆ ಬಟ್ಟೆ ಯಾತಕ್ಕೆ ಎಂದರು ಉಳಿದ ಹೆಂಗಸರು. ತಪ್ಪಲ್ಲ ಅವರದು. ಸ್ವಲ್ಪ ದಿನಕ್ಕೆ ಕಂಪನಿಯಿಂದ ಒಂದು ಕಾಗದ ಬಂತು, ಇಂಗ್ಲಿಷಿನಲ್ಲೇ: ಧೂಳಿನ ತೊಂದರೆ ಇಲ್ಲವೆಂದು ಸಮಿತಿಯ ದಾಖಲೆಯೇ ತೋರಿಸುವುದರಿಂದ ದಿನದಿನದ ಪರೀಕ್ಷೆಯ ಅಗತ್ಯವಿಲ್ಲ. ಅದನ್ನು ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳಿದವಳೂ ನಾನೇ. ಯಾರೂ ಎದುರು ಹೇಳಲಿಲ್ಲ. ಟ್ಯಾಂಕರು ನಿಂತಿತು. ದಾರಿಯಂಚಿನ ತೋಟಗಳು ಒಂದೊಂದಾಗಿ ಕಂಪನಿಗೆ ಲೀಸಿಗೆ ಹೋದವು. ವೆಂಕಟಶಾಮಿಯದೂ ಹೋಯಿತು. ನಿನ್ನದು ಮೊದಲು ಹೋಗಿತ್ತು. ನಾನು ಒಬ್ಬಳ ಬೆಳೆ ಕೆಡಿಸಿದೆ ಎಂದುಕೊಂಡಿದ್ದೆ. ಇಡೀ ಊರಿನ ಕೈಯಲ್ಲಿದ್ದ ಒಂದೇ ಒಂದು ಲಗಾಮನ್ನು ಕತ್ತರಿಸಿದ್ದೆ.

ಹೋದ ವಾರ ನಿನ್ನನ್ನು ನೋಡಲು ಬಂದೆನಲ್ಲ, ಹೇಳಿಬಿಡಬೇಕೆಂದೇ ಬಂದೆ. ಸೋಲಾರ್ ಪಾರ್ಕಿನ ಗೇಟಿನಲ್ಲಿ ಕೇಳಿಕೊಂಡು ಒಳಗೆ ನಡೆದೆ. ಒಂದು ಕಾಲಕ್ಕೆ ನಿನ್ನ ತೋಟವಿದ್ದ ಜಾಗದಲ್ಲಿ ಕಪ್ಪು ಗಾಜಿನ ಸಾಲುಗಳು. ಅವುಗಳ ನಡುವೆ ನೀನು ಉದ್ದ ಕೋಲಿಗೆ ಬಟ್ಟೆ ಸುತ್ತಿಕೊಂಡು ಒರೆಸುತ್ತಾ ಬರುತ್ತಿದ್ದೆ.

“ಅಯ್ಯೋ ಟೀಚರಮ್ಮ, ಈ ಬಿಸಿಲಲ್ಲಿ ಯಾಕಮ್ಮ ಬಂದ್ರಿ? ಮಂಡಿ ನೋವು ಹೆಂಗೈತೆ?” ಎಂದು ನನ್ನ ತೋಳು ಹಿಡಿದುಕೊಂಡೆ. ನೆರಳಿಲ್ಲವೆಂದು ಒಂದು ಪ್ಯಾನೆಲಿನ ಕೆಳಗೆ ಕೂರಿಸಿದೆ, ನಿನ್ನ ಬಾಟಲಿಯ ನೀರು ಕೊಟ್ಟೆ. ಬಟ್ಟೆ ಹಿಂಡುತ್ತಾ ನಗುತ್ತಾ ಹೇಳಿದೆ: “ಇದ್ರ ಮೇಲೆ ಧೂಳು ಕುಂತ್ರೆ ಕರೆಂಟ್ ಕಮ್ಮಿ ಬರ್ತದಂತೆ ಕಣಮ್ಮ. ಒಂದ್ ಚೂರೂ ಇರಂಗಿಲ್ಲ. ಸೂಪರ್‌ವೈಸರ್ ದಿನಾ ಬಿಳಿ ಬಟ್ಟೇಲಿ ಒರ್ಸಿ ನೋಡ್ತಾನೆ.”

ನಾನು ನೀರು ಕುಡಿದೆ. ಮಂಡಿ ಪರವಾಗಿಲ್ಲ ಎಂದೆ. ಎದ್ದು ಬಂದೆ.

ಬಾಯಿಂದ ಆಗದ್ದಕ್ಕೆ ಬರೆದೆ. ಸಮಿತಿ ಮುಗಿದ ಮೇಲೆ ರೆಜಿಸ್ಟರನ್ನು ಯಾರೂ ಕೇಳಲಿಲ್ಲ, ನನ್ನ ಪೆಟ್ಟಿಗೆಯಲ್ಲೇ ಉಳಿದಿದೆ. ಇವತ್ತು ಆ ಮೂರು ‘ಕ್ಲೀನ್’ಗಳನ್ನು ಹೊಡೆದುಹಾಕಿದೆ. ಎರಡರ ಪಕ್ಕದಲ್ಲಿ ‘ಧೂಳಿತ್ತು’ ಎಂದು, ಮೂರನೆಯದರ ಪಕ್ಕದಲ್ಲಿ ‘ನೋಡಲಿಲ್ಲ’ ಎಂದು ಕನ್ನಡದಲ್ಲಿ ಬರೆದು ಸೈನ್ ಮಾಡಿದ್ದೇನೆ. ಇದರಿಂದ ಒಂದು ಗಿಡವೂ ಚಿಗುರುವುದಿಲ್ಲ. ಗೊತ್ತು. ಬೆಳಿಗ್ಗೆ ನೀವೆಲ್ಲ ಕೆಲಸಕ್ಕೆ ಹೋಗಲು ಗೇಟಿನ ಮುಂದೆ ಸೇರುತ್ತೀರಲ್ಲ, ನಾಳೆ ಅಲ್ಲಿಗೆ ಬರುತ್ತೇನೆ. ವೆಂಕಟಶಾಮಿಯನ್ನೂ ಕರೆದಿದ್ದೇನೆ. ನಿನ್ನ ಅತ್ತೆ ಇದನ್ನು ಕೇಳಲು ಉಳಿದಿಲ್ಲ. ಎಲ್ಲರ ಮುಂದೆ ಮೊದಲ ಸಾಲಿನಿಂದ ಓದುತ್ತೇನೆ. ನೀನು ಕ್ಷಮಿಸಬೇಡ. ಮಂಡಿ ನೋವು ಕೇಳಬೇಡ.

ಆ ಕರ್ಚೀಫನ್ನೂ ತರೋಣವೆಂದು ಹುಡುಕಿ ತೆಗೆದೆ. ಕಿಟಕಿಯ ಬಿಸಿಲಿಗೆ ಹಿಡಿದು ಎರಡೂ ಮಗ್ಗುಲು ನೋಡಿದೆ. ಎಲ್ಲಿಯೂ ಒಂದು ಚುಕ್ಕೆ ಇಲ್ಲ ರತ್ನಾ. ಅಷ್ಟು ಚೆನ್ನಾಗಿ ತೊಳೆದಿದ್ದೆ.